ಕಾಗದ ಯಾರ ಕೈಯಿಂದ ಬಂತು? ಲೆಕ್ಕಪರಿಶೋಧನೆಯಲ್ಲಿ ಪುರಾವೆಯ ಪ್ರಶ್ನೆ

ಇಂದು ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ಹಿಂದೆ ಕಡತವೆಂದರೆ ಬಟ್ಟೆ. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಅಂಟಿನ ಸರಿ, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆ ಹಾಕಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕನ್ನಡ ನಾಡಿನ ವರ್ತಕರು ಬಹುಕಾಲ ಲೆಕ್ಕ ಇಟ್ಟದ್ದು ಅದರಲ್ಲಿ. ಬೇಡವಾದದ್ದನ್ನು ಒರೆಸಿ ಅದೇ ಜಾಗದಲ್ಲಿ ಬೇರೆಯದನ್ನು ಬರೆಯಬಹುದಿತ್ತು. ಅಂಥ ಕಡತವನ್ನು ಮುಂದಿಟ್ಟುಕೊಂಡು ‘ಲೆಕ್ಕ ಸರಿಯಿದೆ’ ಎಂದು ಹೇಳಬೇಕಾದವನು ಯಾವುದನ್ನು ನಂಬಬೇಕು? ಬಟ್ಟೆಯ ಮೇಲಿನ ಅಕ್ಷರವನ್ನೇ, ಬರೆದವನ ಮಾತನ್ನೇ, ಗೋದಾಮಿನಲ್ಲಿರುವ ಮೂಟೆಯನ್ನೇ?

2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳು ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರ್, ಯಾವ ನಮೂದು ಯಾವಾಗ ಬದಲಾಯಿತು ಎಂಬುದನ್ನು ದಾಖಲಿಸಲೇಬೇಕು. ಆ ದಾಖಲಾತಿಯನ್ನು ಯಾರೂ ಆರಿಸಿಡುವಂತಿಲ್ಲ. ಆ ವ್ಯವಸ್ಥೆ ವರ್ಷವಿಡೀ ನಡೆದಿತ್ತೇ ಎಂದು ಆಡಿಟರು ತಮ್ಮ ವರದಿಯಲ್ಲಿ ಹೇಳಬೇಕು. ಬೆಂಗಳೂರಿನ ಟ್ಯಾಲಿ ಸಂಸ್ಥೆ ಇದಕ್ಕೆಂದೇ ತನ್ನ ಸಾಫ್ಟ್‌ವೇರಿನ ‘ಎಡಿಟ್ ಲಾಗ್’ ಆವೃತ್ತಿಯನ್ನು ತಂದಿತು. ಒರೆಸಬಹುದಾದ ಬಟ್ಟೆಯಿಂದ ಒರೆಸಲಾಗದ ಲಾಗ್‌ವರೆಗೆ ಬಂದರೂ ಮೊದಲಿನ ಪ್ರಶ್ನೆ ಹಾಗೆಯೇ ಉಳಿದಿದೆ. ಸುಳ್ಳನ್ನು ಮೊದಲ ಸಲವೇ ನೀಟಾಗಿ ಬರೆದರೆ ಒರೆಸುವ ಅಗತ್ಯವೇ ಬೀಳುವುದಿಲ್ಲವಲ್ಲ.

ಈ ಲೇಖನದಲ್ಲಿ ಎರಡು ಪದಗಳನ್ನು ಬೇರೆಯಾಗಿ ಬಳಸಿದ್ದೇನೆ. ಆಡಿಟರು ತಮ್ಮ ಅಭಿಪ್ರಾಯಕ್ಕೆ ಆಧಾರವಾಗಿ ಕೂಡಿಹಾಕುವುದು ಪುರಾವೆ. ನ್ಯಾಯಾಲಯ ಒಬ್ಬರ ಹಕ್ಕನ್ನೋ ತಪ್ಪನ್ನೋ ತೀರ್ಮಾನಿಸಲು ಒಪ್ಪಿಕೊಳ್ಳುವುದು ಸಾಕ್ಷ್ಯ. ಒಂದೇ ಕಾಗದ ಮೊದಲು ಪುರಾವೆಯಾಗಿ, ಕೆಲವು ವರ್ಷಗಳ ಮೇಲೆ ಸಾಕ್ಷ್ಯವಾಗಿ ಎರಡು ಕಡೆ ನಿಲ್ಲಬೇಕಾಗುತ್ತದೆ. ಈ ಕ್ಷೇತ್ರದ ಬಹುಪಾಲು ಜಗಳಗಳು ಹುಟ್ಟುವುದು ಅಲ್ಲಿ.

ಕಾವಲುನಾಯಿಯ ತೀರ್ಪು

ಚರ್ಚೆಯ ಬೇರು ಇಂಗ್ಲೆಂಡಿನಲ್ಲಿದೆ. 1895ರ ಲಂಡನ್ ಅಂಡ್ ಜನರಲ್ ಬ್ಯಾಂಕ್ ಪ್ರಕರಣದಲ್ಲಿ ನ್ಯಾಯಮೂರ್ತಿ ಲಿಂಡ್ಲಿ ಒಂದು ಅಳತೆಗೋಲು ಕೊಟ್ಟರು. ಆಡಿಟರು ವಿಮೆ ಕೊಟ್ಟವರಲ್ಲ, ಲೆಕ್ಕ ನೂರಕ್ಕೆ ನೂರು ಸರಿ ಎಂಬ ಖಾತರಿ ಅವರದ್ದಲ್ಲ. ಆದರೆ ತಾವು ನಂಬದ್ದಕ್ಕೆ ಸಹಿ ಹಾಕಬಾರದು, ನಂಬುವ ಮೊದಲು ತಕ್ಕಷ್ಟು ಎಚ್ಚರ ಮತ್ತು ಕೌಶಲ ತೋರಿರಬೇಕು. ಮರುವರ್ಷ ಕಿಂಗ್‌ಸ್ಟನ್ ಕಾಟನ್ ಮಿಲ್ ಪ್ರಕರಣ ಬಂತು. ಮಿಲ್ಲಿನ ಮ್ಯಾನೇಜರ್ ವರ್ಷಗಟ್ಟಲೆ ಹತ್ತಿ ಮತ್ತು ನೂಲಿನ ದಾಸ್ತಾನನ್ನು ಹೆಚ್ಚಿಗೆ ತೋರಿಸಿದ್ದ. ಆಡಿಟರು ಅವನ ಪ್ರಮಾಣಪತ್ರವನ್ನೇ ನಂಬಿ, ದಾಸ್ತಾನು ‘ಮ್ಯಾನೇಜರ್ ಪ್ರಮಾಣಪತ್ರದ ಪ್ರಕಾರ’ ಎಂದು ತೋರಿಸಿ ಮುಂದೆ ಹೋಗಿದ್ದರು. ದಾಸ್ತಾನು ಎಣಿಸುವುದು ಆಡಿಟರ ಕೆಲಸವಲ್ಲ ಎಂದಿತು ಮೇಲ್ಮನವಿ ನ್ಯಾಯಾಲಯ. ಆಡಿಟರು ಕಾವಲುನಾಯಿಯೇ ಹೊರತು ವಾಸನೆ ಹಿಡಿದು ಬೇಟೆಯಾಡುವ ನಾಯಲ್ಲ ಎಂಬ ನ್ಯಾಯಮೂರ್ತಿ ಲೋಪ್ಸ್ ಅವರ ಹೋಲಿಕೆ ನಮ್ಮ ಸಿ.ಎ. ವಿದ್ಯಾರ್ಥಿಗಳಿಗೆ ಇವತ್ತಿಗೂ ಬಾಯಿಪಾಠ.

ಆ ನಿಲುವು ಅಲುಗಾಡಿದ್ದು ಅಮೆರಿಕದಲ್ಲಿ, 1938ರಲ್ಲಿ. ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯನ್ನು ನಡೆಸುತ್ತಿದ್ದವನು ಫಿಲಿಪ್ ಮ್ಯೂಸಿಕಾ, ಬೇರೆ ಹೆಸರಿನಲ್ಲಿ. ಪುಸ್ತಕದಲ್ಲಿದ್ದ ಸುಮಾರು 8.7 ಕೋಟಿ ಡಾಲರ್ ಆಸ್ತಿಯಲ್ಲಿ ಸುಮಾರು 1.9 ಕೋಟಿ ಡಾಲರಿನಷ್ಟು ಸರಕು ಮತ್ತು ಬರಬೇಕಾದ ಬಾಕಿ ಇರಲೇ ಇಲ್ಲ. ಆರ್ಡರು, ಇನ್‌ವಾಯ್ಸು, ಸಾಗಣೆ ಚೀಟಿ ಎಲ್ಲವೂ ಅಚ್ಚುಕಟ್ಟಾಗಿದ್ದವು. ಆಡಿಟರು ಗೋದಾಮಿಗೆ ಹೋಗಿರಲಿಲ್ಲ, ಸಾಲಗಾರರಿಗೆ ಕಾಗದ ಬರೆದು ಕೇಳಿರಲಿಲ್ಲ. ಆಗಿನ ರೂಢಿಯಲ್ಲಿ ಅದು ಕಡ್ಡಾಯವೂ ಆಗಿರಲಿಲ್ಲ. 1939ರಲ್ಲಿ ಅಮೆರಿಕದ ಲೆಕ್ಕಿಗರ ಸಂಸ್ಥೆ ಎರಡನ್ನೂ ಆಡಿಟಿನ ಭಾಗವಾಗಿಸಿತು: ದಾಸ್ತಾನು ಎಣಿಸುವಾಗ ಖುದ್ದು ಹಾಜರಿರುವುದು, ಬಾಕಿಯನ್ನು ಎದುರು ಪಕ್ಷದಿಂದ ನೇರವಾಗಿ ದೃಢಪಡಿಸಿಕೊಳ್ಳುವುದು. 1970ರಲ್ಲಿ ಆಸ್ಟ್ರೇಲಿಯಾದ ಪೆಸಿಫಿಕ್ ಅಕ್ಸೆಪ್ಟೆನ್ಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಮಾಫಿಟ್, ಕಾಲ ಬದಲಾದಂತೆ ಎಚ್ಚರದ ಮಟ್ಟವೂ ಏರಬೇಕು, 1896ರ ಅಳತೆ ಇಂದಿಗೆ ಸಾಲದು ಎಂದರು.

ಕಣ್ಣಾರೆ ಕಂಡದ್ದೂ ಸಾಕಾಗುವುದಿಲ್ಲ ಎಂಬುದನ್ನು 1963ರಲ್ಲಿ ನ್ಯೂಜೆರ್ಸಿಯ ಅಡುಗೆ ಎಣ್ಣೆ ಹಗರಣ ತೋರಿಸಿತು. ಟ್ಯಾಂಕಿನ ಮೇಲ್ಭಾಗದಲ್ಲಿ ಎಣ್ಣೆ, ಕೆಳಗೆ ನೀರು. ತಪಾಸಣೆಗೆ ಬಂದವರು ಇಣುಕಿದ್ದು ಮೇಲಿನಿಂದ.

ಯಾವುದು ಪುರಾವೆ: ಹಲವು ನಿಲುವುಗಳು

ಎಲ್ಲಕ್ಕಿಂತ ಹಳೆಯದು ವೋಚರ್ ನಿಲುವು. ಪ್ರತಿ ಖರ್ಚಿಗೂ ಒಂದು ಬಿಲ್ಲು, ಪ್ರತಿ ಬಿಲ್ಲಿಗೂ ಒಂದು ಸಹಿ, ಲೆಡ್ಜರಿನೊಂದಿಗೆ ತಾಳೆ, ಪಕ್ಕದಲ್ಲಿ ಟಿಕ್. ಸರ್ಕಾರಿ ಮತ್ತು ಸಹಕಾರಿ ಆಡಿಟಿನ ಬೆನ್ನೆಲುಬು ಇವತ್ತಿಗೂ ಇದೇ. ಹಣ ಎಲ್ಲಿಗೆ ಹೋಯಿತು ಎಂಬುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ಬಿಲ್ಲು ಕೊಟ್ಟವನು ಇದ್ದಾನೆಯೇ ಎಂಬುದನ್ನು ಹೇಳುವುದಿಲ್ಲ.

ಎರಡನೆಯದು ಮೂಲವನ್ನು ನೋಡುವ ನಿಲುವು. ಮಾಟ್ಜ್ ಮತ್ತು ಶರಾಫ್ 1961ರಲ್ಲಿ ಪ್ರಕಟಿಸಿದ ಲೆಕ್ಕಪರಿಶೋಧನೆಯ ತತ್ವಶಾಸ್ತ್ರದ ಪುಸ್ತಕ ಪುರಾವೆಯನ್ನು ಜ್ಞಾನದ ಪ್ರಶ್ನೆಯಾಗಿ ಕಂಡಿತು. ಕಣ್ಣೆದುರು ಇರುವ ವಸ್ತು, ಆಡಿಟರು ಶ್ರಮಪಟ್ಟು ಹುಟ್ಟಿಸಿಕೊಂಡ ಪುರಾವೆ, ತರ್ಕದಿಂದ ತಲುಪಿದ ತೀರ್ಮಾನ ಎಂದು ಬೇರೆ ಮಾಡಿತು. ಭಾರತದ ಆಡಿಟ್ ಮಾನದಂಡ ಎಸ್‌ಎ 500 ಇದೇ ಜಾಡಿನಲ್ಲಿದೆ. ಪುರಾವೆ ಪ್ರಮಾಣದಲ್ಲಿ ಸಾಕಷ್ಟಿರಬೇಕು, ಗುಣದಲ್ಲಿ ತಕ್ಕದ್ದಾಗಿರಬೇಕು. ಕಂಪನಿಯೊಳಗಿನ ಕಾಗದಕ್ಕಿಂತ ಹೊರಗಿನ ಸ್ವತಂತ್ರ ಮೂಲದ್ದು ಮೇಲು. ಬಾಯಿಮಾತಿಗಿಂತ ಬರಹ, ನಕಲಿಗಿಂತ ಅಸಲು, ಬೇರೆಯವರು ತಂದುಕೊಟ್ಟದ್ದಕ್ಕಿಂತ ಆಡಿಟರು ತಾವೇ ಪಡೆದದ್ದು ಮೇಲು. ನಮ್ಮ ಸಹಕಾರ ಸಂಘಗಳ ಆಡಿಟಿನಲ್ಲಿ ಇದಕ್ಕೆ ಸರಳವಾದ ರೂಪವಿದೆ. ಸದಸ್ಯರಿಂದ ಪಾಸ್‌ಬುಕ್ ತರಿಸಿ ಸಂಘದ ಲೆಡ್ಜರಿನ ಜೊತೆ ತಾಳೆ ನೋಡುವುದು. ಲೆಡ್ಜರ್ ಕಾರ್ಯದರ್ಶಿಯ ಕೈಯಲ್ಲಿದೆ, ಪಾಸ್‌ಬುಕ್ ರೈತನ ಮನೆಯ ಪೆಟ್ಟಿಗೆಯಲ್ಲಿದೆ. ಎರಡೂ ಒಂದೇ ಕೈಯ ಹಿಡಿತದಲ್ಲಿಲ್ಲ ಎಂಬುದೇ ಅದರ ಬಲ. ಪಾಸ್‌ಬುಕ್ಕುಗಳನ್ನೂ ಕಾರ್ಯದರ್ಶಿಯೇ ‘ನನ್ನ ಹತ್ತಿರ ಇರಲಿ’ ಎಂದು ಇಟ್ಟುಕೊಂಡಿರುವ ಸಂಘದಲ್ಲಿ ಆ ಬಲ ಅಲ್ಲಿಗೇ ಮುಗಿಯಿತು.

ಮೂರನೆಯದು ಅಪಾಯವನ್ನು ಅಳೆಯುವ ನಿಲುವು. ಲಕ್ಷಾಂತರ ವಹಿವಾಟುಗಳನ್ನು ಒಂದೊಂದಾಗಿ ನೋಡಲಾಗದು. ತಪ್ಪು ನುಸುಳುವ ಸಾಧ್ಯತೆ ಎಲ್ಲಿ ಹೆಚ್ಚೋ ಅಲ್ಲಿ ಹೆಚ್ಚು ಪುರಾವೆ, ಉಳಿದೆಡೆ ಮಾದರಿ ಪರೀಕ್ಷೆ. ಇಂದಿನ ಮಾನದಂಡಗಳೆಲ್ಲ ನಿಂತಿರುವುದು ಇದರ ಮೇಲೆ. ಆಡಿಟಿನ ಪುರಾವೆ ಮನವೊಲಿಸುವಂಥದ್ದೇ ಹೊರತು ಅಂತಿಮವಲ್ಲ, ಆಡಿಟರು ಕೊಡುವುದು ಸಮಂಜಸವಾದ ಭರವಸೆ ಮಾತ್ರ ಎಂಬ ಮಾತಿಗೂ ಆಧಾರ ಇದೇ. ಕೆಲಸಕ್ಕೆ ಬೇರೆ ದಾರಿ ಇಲ್ಲ ಎಂಬುದು ನಿಜ. ಆದರೆ ಅಪಾಯದ ಅಂದಾಜೇ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ, ಮತ್ತು ಆ ಅಂದಾಜಿಗೆ ಬೇಕಾದ ಮಾಹಿತಿಯನ್ನು ಬಹುಮಟ್ಟಿಗೆ ಆಡಳಿತ ಮಂಡಳಿಯೇ ಕೊಡುತ್ತದೆ.

ನಾಲ್ಕನೆಯದು ಸಂಶಯದ ನಿಲುವು. ಇಲ್ಲಿ ಎರಡು ಬಣಗಳು. ಆಡಿಟರು ಆಡಳಿತದವರನ್ನು ಪ್ರಾಮಾಣಿಕರೆಂದೂ ಅಪ್ರಾಮಾಣಿಕರೆಂದೂ ಮೊದಲೇ ಎಣಿಸಬಾರದು ಎನ್ನುವುದು ಒಂದು. ಮೋಸ ಇರಬಹುದು ಎಂದುಕೊಂಡೇ ಶುರು ಮಾಡಿ, ಇಲ್ಲವೆಂದು ಮನಗಾಣುವವರೆಗೆ ಬಿಡಬಾರದು ಎನ್ನುವುದು ಇನ್ನೊಂದು. ಮಾನದಂಡ ಈಗಿರುವುದು ಮೊದಲ ಬಣದ ಕಡೆ. ಎಸ್‌ಎ 240ರ ಪ್ರಕಾರ, ಅನುಮಾನಕ್ಕೆ ಕಾರಣವಿಲ್ಲದಿದ್ದರೆ ದಾಖಲೆಗಳನ್ನು ಅಸಲಿ ಎಂದು ಒಪ್ಪಿಕೊಳ್ಳಬಹುದು; ಫೋರ್ಜರಿ ಪತ್ತೆ ಹಚ್ಚುವ ತಜ್ಞತೆಯನ್ನು ಆಡಿಟರಿಂದ ಅದು ನಿರೀಕ್ಷಿಸುವುದಿಲ್ಲ. ಪ್ರತಿ ದೊಡ್ಡ ಹಗರಣದ ನಂತರ ಆಡಿಟರ ವಕೀಲರು ಆಸರೆ ಪಡೆಯುವುದು ಈ ಒಂದು ಸಾಲಿನಲ್ಲಿ.

ಸತ್ಯಂ: ಲಕೋಟೆ ನಡೆದ ದಾರಿ

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್‌ನ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರ ಭಾರತದ ಆಡಿಟ್ ಇತಿಹಾಸವನ್ನು ಎರಡು ಭಾಗ ಮಾಡಿತು. ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿಯ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅವರು ಒಪ್ಪಿಕೊಂಡರು. ಜನ ಕೇಳಿದ್ದು ಒಂದೇ: ಬ್ಯಾಂಕಿನಲ್ಲಿ ಹಣವಿದೆಯೇ ಎಂದು ಬ್ಯಾಂಕನ್ನು ಕೇಳಿದ್ದರೆ ಗೊತ್ತಾಗುತ್ತಿರಲಿಲ್ಲವೇ?

ಕೇಳುವುದಕ್ಕೆ ಒಂದು ಕ್ರಮವಿದೆ. ಆಡಿಟರು ಪತ್ರ ಸಿದ್ಧಪಡಿಸುತ್ತಾರೆ, ಕಂಪನಿ ಅದಕ್ಕೆ ಸಹಿ ಹಾಕುತ್ತದೆ, ಆಡಿಟರೇ ಅದನ್ನು ಬ್ಯಾಂಕಿಗೆ ಕಳಿಸುತ್ತಾರೆ, ಬ್ಯಾಂಕ್ ಉತ್ತರವನ್ನು ನೇರವಾಗಿ ಆಡಿಟರ ವಿಳಾಸಕ್ಕೆ ಕಳಿಸುತ್ತದೆ. ಲಕೋಟೆ ಹೋಗುವಾಗಲೂ ಬರುವಾಗಲೂ ಕಂಪನಿಯ ಕೈ ಅದಕ್ಕೆ ತಾಗಬಾರದು. ದೃಢೀಕರಣ ಪತ್ರಕ್ಕೆ ಬೆಲೆ ಬರುವುದೇ ಅದರಿಂದ. ಸತ್ಯಂನಲ್ಲಿ ಪತ್ರ ಕಳಿಸುವುದು, ಉತ್ತರ ಪಡೆಯುವುದು ಎರಡನ್ನೂ ಆಡಿಟ್ ತಂಡ ಕಂಪನಿಗೇ ಬಿಟ್ಟಿತ್ತು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಕಂಡುಕೊಂಡಿತು. ಮಾರಾಟದ ಲೆಕ್ಕದಲ್ಲೂ ಆರು ಸಾವಿರಕ್ಕೂ ಹೆಚ್ಚು ಸುಳ್ಳು ಇನ್‌ವಾಯ್ಸುಗಳಿದ್ದವು. 2011ರ ಏಪ್ರಿಲ್‌ನಲ್ಲಿ ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳು, ಅಂದರೆ ಸತ್ಯಂನ ಆಡಿಟರು, ಆ ನಿಯಂತ್ರಕಕ್ಕೆ 60 ಲಕ್ಷ ಡಾಲರ್, ಅಲ್ಲಿನ ಆಡಿಟ್ ಮೇಲ್ವಿಚಾರಣಾ ಮಂಡಳಿಗೆ 15 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿದವು.

ಭಾರತದಲ್ಲಿ ಇದೇ ಸಂಗತಿ ಬೇರೆ ಬೇರೆ ಕಟ್ಟೆಗಳಲ್ಲಿ ಬೇರೆ ಬೇರೆ ಉತ್ತರ ಪಡೆಯಿತು. ಹೈದರಾಬಾದಿನ ವಿಶೇಷ ನ್ಯಾಯಾಲಯ 2015ರ ಏಪ್ರಿಲ್ 9ರಂದು ಶಿಕ್ಷೆ ವಿಧಿಸಿದ ಹತ್ತು ಜನರಲ್ಲಿ ಇಬ್ಬರು ಆಡಿಟರೂ ಇದ್ದರು. ಮೇಲ್ಮನವಿಯ ಹಂತದಲ್ಲಿ ಶಿಕ್ಷೆ ಅಮಾನತುಗೊಂಡಿತು. 2018ರ ಜನವರಿಯಲ್ಲಿ ಸೆಬಿ, ಪ್ರೈಸ್ ವಾಟರ್‌ಹೌಸ್ ಜಾಲದ ಸಂಸ್ಥೆಗಳು ಎರಡು ವರ್ಷ ಲಿಸ್ಟೆಡ್ ಕಂಪನಿಗಳ ಆಡಿಟ್ ಮಾಡದಂತೆ ನಿಷೇಧಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಷೇರು ಮೇಲ್ಮನವಿ ನ್ಯಾಯಮಂಡಳಿ ಆ ನಿಷೇಧವನ್ನು ತೆಗೆದುಹಾಕಿತು. ಅದು ಎಳೆದ ಗೆರೆ ಮುಖ್ಯವಾದದ್ದು: ನಿರ್ಲಕ್ಷ್ಯ ಬೇರೆ, ಮೋಸದಲ್ಲಿ ಕೈಜೋಡಿಸುವುದು ಬೇರೆ, ಎರಡನೆಯದಕ್ಕೆ ಸಾಕ್ಷ್ಯ ಬೇಕು. ಕಾನೂನಿನ ದೃಷ್ಟಿಯಿಂದ ಆ ಗೆರೆ ಸರಿ. ಆದರೆ ಲಕೋಟೆಯ ಮೇಲಿನ ಹಿಡಿತವನ್ನು ವರ್ಷವರ್ಷವೂ ಬಿಟ್ಟುಕೊಟ್ಟದ್ದನ್ನು ಬರೀ ನಿರ್ಲಕ್ಷ್ಯ ಎಂಬ ಪದ ಹೊರಬಲ್ಲದೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಣ ಕಳೆದುಕೊಂಡ ಷೇರುದಾರರಿಗೆ ಆ ವ್ಯತ್ಯಾಸ ಯಾವ ಸಮಾಧಾನವನ್ನೂ ಕೊಡಲಿಲ್ಲ.

ಸತ್ಯಂ ಒಂಟಿ ಉದಾಹರಣೆಯಲ್ಲ. 2003ರಲ್ಲಿ ಇಟಲಿಯ ಪಾರ್ಮಲಾಟ್, ಬ್ಯಾಂಕ್ ಆಫ್ ಅಮೆರಿಕದಲ್ಲಿ 395 ಕೋಟಿ ಯೂರೊ ಇದೆ ಎಂದು ತೋರಿಸಲು ಬಳಸಿದ ಪತ್ರ ಖೋಟಾ ಆಗಿತ್ತು. 2020ರ ಜೂನ್‌ನಲ್ಲಿ ಜರ್ಮನಿಯ ವೈರ್‌ಕಾರ್ಡ್ ಕುಸಿದಾಗ, 190 ಕೋಟಿ ಯೂರೊ ತಮ್ಮಲ್ಲಿದೆ ಎನ್ನುವ ಕಾಗದಗಳು ನಕಲಿ ಎಂದು ಫಿಲಿಪ್ಪೀನ್ಸಿನ ಎರಡು ಬ್ಯಾಂಕುಗಳು ಹೇಳಿದವು. ದೇಶ, ಕಾಲ, ಉದ್ಯಮ ಬೇರೆ. ತೂತು ಇದ್ದದ್ದು ಒಂದೇ ಜಾಗದಲ್ಲಿ.

ಕಾಗದ ಅಸಲಿಯಾದರೂ

ಇದಕ್ಕಿಂತ ಕಷ್ಟದ್ದು, ಪ್ರತಿ ಕಾಗದವೂ ಅಸಲಿಯಾಗಿದ್ದು ಒಟ್ಟು ಚಿತ್ರ ಸುಳ್ಳಾಗಿರುವ ಸ್ಥಿತಿ. ಚಿಕ್ಕಮಗಳೂರಿನ ಕಾಫಿಯಿಂದ ಬೆಳೆದ ಕಾಫಿ ಡೇ ಸಮೂಹದ ಪ್ರಕರಣ ನಮ್ಮ ಮನೆಯಂಗಳದ್ದು. ಏಳು ಅಧೀನ ಕಂಪನಿಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರಿಗೆ ಸೇರಿದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ ಹೋಗಿದೆ ಎಂದು ಹೇಳಿ ಸೆಬಿ 2023ರ ಜನವರಿಯಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್ ಮೇಲೆ 26 ಕೋಟಿ ದಂಡ ಹಾಕಿತು. ಬಳಿಕ ಸಮೂಹದ ಕಂಪನಿಗಳ ಆಡಿಟ್ ಬಗ್ಗೆ ಆದೇಶ ಕೊಟ್ಟ ರಾಷ್ಟ್ರೀಯ ಹಣಕಾಸು ವರದಿಗಾರಿಕೆ ಪ್ರಾಧಿಕಾರ, ಅಂದರೆ ಎನ್‌ಎಫ್‌ಆರ್‌ಎ, ಒಂದು ವಿನ್ಯಾಸದ ಕಡೆ ಬೊಟ್ಟು ಮಾಡಿತು: ಹಣ ಒಂದು ಕಂಪನಿಯಿಂದ ಇನ್ನೊಂದಕ್ಕೆ ಸುತ್ತು ಹೊಡೆದು, ಹಳೆಯ ಸಾಲ ತೀರಿದಂತೆ ಕಾಣಿಸಿ, ಹೊಸ ಸಾಲವಾಗಿ ಮತ್ತೆ ಹೊರಡುವುದು. ಇಂಥ ಸುತ್ತಿನಲ್ಲಿ ಬ್ಯಾಂಕಿನಿಂದ ನೇರವಾಗಿ ಬಂದ ಸ್ಟೇಟ್‌ಮೆಂಟ್ ಕೂಡ ನಿಜವನ್ನೇ ಹೇಳುತ್ತದೆ, ಹಣ ಬಂತು ಎಂದು. ಏಕೆ ಬಂತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಆಡಿಟರು ತಾವೇ ಕೂತು ಕೂಡಿಸಿ ನೋಡಬೇಕು. ಮೂಲ ನೋಡುವ ನಿಲುವು ಇಲ್ಲಿ ಕೈಕೊಡುತ್ತದೆ. ಮಾಟ್ಜ್ ಮತ್ತು ಶರಾಫ್ ಹೇಳಿದ ತರ್ಕದ ಪುರಾವೆಯ ಬೆಲೆ ಇಲ್ಲಿ ತಿಳಿಯುತ್ತದೆ.

ನ್ಯಾಯಾಲಯ ಕೇಳುವುದು ಬೇರೆ

ವ್ಯಾಪಾರದ ಓಘದಲ್ಲಿ ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕದ ನಮೂದು ನ್ಯಾಯಾಲಯದಲ್ಲಿ ಪ್ರಸ್ತುತ. ಆದರೆ ಅಷ್ಟರಿಂದಲೇ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 34ನೇ ಕಲಮಿನ ಈ ತತ್ವ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 28ನೇ ಕಲಮಾಗಿ ಮುಂದುವರಿದಿದೆ. 1998ರಲ್ಲಿ ಜೈನ್ ಹವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಿಡಿ ಹಾಳೆಗಳು ಪುಸ್ತಕವಲ್ಲ, ಪುಸ್ತಕದ ನಮೂದಿಗೂ ಸ್ವತಂತ್ರ ಬೆಂಬಲ ಬೇಕು ಎಂದಿತು. ಸಹಾರಾ-ಬಿರ್ಲಾ ಕಾಗದಗಳ ವಿಷಯದಲ್ಲಿ 2017ರಲ್ಲೂ ಅದೇ ಜಾಡು ಹಿಡಿಯಿತು. ಆಡಿಟರಿಗೆ ಮಾತ್ರ ಇದು ತಲೆಕೆಳಗು. ಮೇಜಿನ ಡ್ರಾಯರಿನಲ್ಲಿ ಸಿಕ್ಕ ಬಿಡಿ ಚೀಟಿ ಅವರಿಗೆ ಲೆಡ್ಜರಿಗಿಂತ ಹೆಚ್ಚು ಹೇಳಬಹುದು. ಅದನ್ನು ಕಡೆಗಣಿಸಿದರೆ ತಪ್ಪು ಅವರದ್ದೇ.

ಬ್ಯಾಂಕ್ ದಾಖಲೆಗೆ 1891ರಷ್ಟು ಹಿಂದಿನಿಂದ ಪ್ರತ್ಯೇಕ ಕಾಯ್ದೆ ಇದೆ. ದೃಢೀಕೃತ ನಕಲು ಸಾಕು. ಕಂಪ್ಯೂಟರ್ ದಾಖಲೆಯ ಹಾದಿ ಅಷ್ಟು ಸಲೀಸಾಗಿರಲಿಲ್ಲ. ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನ ಪ್ರಮಾಣಪತ್ರ ಕಡ್ಡಾಯ ಎಂದು 2014ರಲ್ಲಿ ಅನ್ವರ್ ಪ್ರಕರಣ ಹೇಳಿತು, 2018ರಲ್ಲಿ ಇನ್ನೊಂದು ಪೀಠ ಸಡಿಲಿಸಿತು, 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಮೂವರ ಪೀಠ ಮತ್ತೆ ಬಿಗಿ ಮಾಡಿತು. ಹೊಸ ಕಾಯ್ದೆಯ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎರಡು ಭಾಗ: ಒಂದಕ್ಕೆ ದಾಖಲೆ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಜೊತೆಗೆ ದಾಖಲೆಯ ಹ್ಯಾಶ್ ಮೌಲ್ಯ, ಅಂದರೆ ದಾಖಲೆ ಬದಲಾದರೆ ತಾನೂ ಬದಲಾಗುವ ಗುರುತು.

ಪುರಾವೆಗೂ ಸಾಕ್ಷ್ಯಕ್ಕೂ ಇರುವ ದೂರವನ್ನು ದೇಶದ ಜನ ಕಂಡದ್ದು 2ಜಿ ತರಂಗಾಂತರ ಪ್ರಕರಣದಲ್ಲಿ. ಮಹಾಲೇಖಪಾಲರ 2010ರ ವರದಿ 1.76 ಲಕ್ಷ ಕೋಟಿ ರೂಪಾಯಿವರೆಗಿನ ಅಂದಾಜು ನಷ್ಟ ತೋರಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆಯ ವಿಧಾನವೇ ತಪ್ಪೆಂದು 122 ಲೈಸೆನ್ಸ್ ರದ್ದು ಮಾಡಿತು. 2017ರ ಡಿಸೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು. ಮೂರು ಸಂಸ್ಥೆಗಳು ಕೇಳಿಕೊಂಡ ಪ್ರಶ್ನೆಗಳೇ ಬೇರೆ: ಬೊಕ್ಕಸಕ್ಕೆ ಎಷ್ಟು ಬರಬಹುದಿತ್ತು, ಹಂಚಿದ ರೀತಿ ನ್ಯಾಯವೇ, ಈ ವ್ಯಕ್ತಿ ಅಪರಾಧ ಮಾಡಿದ್ದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಯಿತೇ.

ಆಡಿಟರ ಫೈಲು ಕಟಕಟೆಯಲ್ಲಿ

ಆಡಿಟರು ತಮ್ಮ ಕೆಲಸದ ಹಾಳೆಗಳನ್ನು ಬರೆಯುವುದು ತಮಗಾಗಿ ಎಂದಿತ್ತು ಹಿಂದಿನ ಭಾವನೆ. ಆ ಹಾಳೆಗಳು ಅವರ ಸ್ವತ್ತು ಎಂದು ಇಂಗ್ಲೆಂಡಿನ ನ್ಯಾಯಾಲಯ 1953ರಲ್ಲೇ ಹೇಳಿತ್ತು. ಅಮೆರಿಕದ ಎನ್ರಾನ್ ಕಂಪನಿಯ ಹಗರಣ ಆ ಭಾವನೆಯನ್ನು ಮುಗಿಸಿತು. ಅದರ ಆಡಿಟರಾದ ಆರ್ಥರ್ ಆಂಡರ್ಸನ್ ಸಂಸ್ಥೆಯವರು ಕಾಗದಗಳನ್ನು ಚೂರು ಮಾಡಿದರು. 2002ರಲ್ಲಿ ಅಪರಾಧಿ ಎಂಬ ತೀರ್ಪು ಬಂತು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದರೂ ಸಂಸ್ಥೆ ಅಷ್ಟರಲ್ಲಿ ಉಳಿದಿರಲಿಲ್ಲ. 2002ರ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಆಡಿಟ್ ದಾಖಲೆ ನಾಶವನ್ನು ಸ್ವತಂತ್ರ ಅಪರಾಧವಾಗಿಸಿತು.

ಭಾರತದಲ್ಲಿ 2013ರ ಕಂಪನಿ ಕಾಯ್ದೆಯ 143ನೇ ಕಲಮು ಆಡಿಟ್ ಮಾನದಂಡಗಳಿಗೆ ಕಾನೂನಿನ ಬಲ ಕೊಟ್ಟಿತು. ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ವಂಚನೆ ನಡೆದಿದೆ ಎಂದು ನಂಬಲು ಕಾರಣ ಕಂಡರೆ ಕೇಂದ್ರ ಸರ್ಕಾರಕ್ಕೆ ತಿಳಿಸಬೇಕು ಎಂಬ ಹೊಣೆಯೂ ಅಲ್ಲೇ ಇದೆ. 2018ರಲ್ಲಿ ಬಂದ ಎನ್‌ಎಫ್‌ಆರ್‌ಎ ಫೈಲು ತೆರೆದು ಓದತೊಡಗಿತು. ಫೈಲಿನಲ್ಲಿ ಇಲ್ಲದ್ದನ್ನು ಬಾಯಿಮಾತಿನಿಂದ ತುಂಬಲಾಗದು ಎಂಬುದು ಆಡಿಟ್ ದಾಖಲಾತಿಯ ಮಾನದಂಡ ಎಸ್‌ಎ 230ರಲ್ಲೇ ಇದೆ. ಪ್ರಾಧಿಕಾರ ಅದನ್ನು ಕಟ್ಟುನಿಟ್ಟಾಗಿ ಹಿಡಿಯಿತು. ಇದರಿಂದ ಶಿಸ್ತು ಬಂದಿದೆ, ಅನುಮಾನವಿಲ್ಲ. ಇದರ ಬೆನ್ನಿಗೆ ಇನ್ನೊಂದು ಚಾಳಿಯೂ ಬೆಳೆಯಬಹುದು ಎಂಬ ಆತಂಕವಿದೆ: ಸತ್ಯ ಹುಡುಕುವುದಕ್ಕಿಂತ ಫೈಲು ತುಂಬುವುದರ ಕಡೆ ಗಮನ. ಚೆಕ್‌ಲಿಸ್ಟ್‌ಗೆ ಟಿಕ್ ಹಾಕುವುದರಲ್ಲೇ ಆಡಿಟ್ ಕಚೇರಿಯಲ್ಲಿ ತರಬೇತಿ ಪಡೆಯುವ ಆರ್ಟಿಕಲ್ ಹುಡುಗ ಹುಡುಗಿಯರ ದಿನ ಕಳೆದರೆ, ಗೋದಾಮಿನ ಮೂಲೆಯಲ್ಲಿರುವ ಮೂಟೆಯನ್ನು ಬಿಚ್ಚಿಸಿ ನೋಡುವ ಕುತೂಹಲ ಅವರಲ್ಲಿ ಎಲ್ಲಿಂದ ಹುಟ್ಟಬೇಕು?

ಇನ್ನೂ ತೀರದ್ದು

ದಾಖಲೆ ಅಸಲಿ ಎಂದು ಮೊದಲು ಒಪ್ಪಿಕೊಳ್ಳುವ ನಿಯಮ ಉಳಿಯಬೇಕೇ ಎಂಬುದು ಮೊದಲ ವಿವಾದ. ಬ್ಯಾಂಕಿನ ಲೆಟರ್‌ಹೆಡ್ಡನ್ನು ಯಾರು ಬೇಕಾದರೂ ಕೆಲವೇ ನಿಮಿಷಗಳಲ್ಲಿ ತಯಾರಿಸಬಹುದಾದ ಕಾಲದಲ್ಲಿ ಆ ನಿಯಮ ಹಳತಾಯಿತು ಎಂದು ನನಗೆ ಅನಿಸುತ್ತದೆ, ಕನಿಷ್ಠ ನಗದು ಮತ್ತು ಠೇವಣಿಯ ಮಟ್ಟಿಗಾದರೂ. ಅದನ್ನು ತೆಗೆದರೆ ಆಡಿಟಿನ ಖರ್ಚು ಎಷ್ಟು ಏರುತ್ತದೆ, ಸಣ್ಣ ಕಂಪನಿ ಅದನ್ನು ಹೇಗೆ ಹೊರುತ್ತದೆ ಎಂದು ಕೇಳುವವರ ಮಾತಿನಲ್ಲೂ ಹುರುಳಿದೆ.

ಸಮೂಹದ ಮುಖ್ಯ ಆಡಿಟರು, ಅಧೀನ ಕಂಪನಿಯ ಬೇರೊಬ್ಬ ಆಡಿಟರು ಕೂಡಿಸಿದ ಪುರಾವೆಯನ್ನು ಎಷ್ಟು ನಂಬಬಹುದು? ಎಸ್‌ಎ 600ರ ಪರಿಷ್ಕರಣೆಯ ವಿಚಾರದಲ್ಲಿ 2024ರಲ್ಲಿ ಎನ್‌ಎಫ್‌ಆರ್‌ಎ ಒಂದು ಕಡೆ, ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಇನ್ನೊಂದು ಕಡೆ ನಿಂತವು. ಹೊಣೆ ಒಂದೇ ಕಡೆ ಇರಲಿ ಎಂಬುದು ಪ್ರಾಧಿಕಾರದ ವಾದ; ಹಾಗಾದರೆ ಎಲ್ಲ ಆಡಿಟೂ ನಾಲ್ಕಾರು ದೊಡ್ಡ ಸಂಸ್ಥೆಗಳ ಪಾಲಾಗುತ್ತದೆ ಎಂಬುದು ಸಂಸ್ಥೆಯ ಅಳಲು. ಫೈಲು ಪರಿಶೀಲಿಸಿದವರೇ ಶಿಸ್ತುಕ್ರಮದ ನೋಟಿಸನ್ನೂ ಕೊಡಬಹುದೇ ಎಂಬುದು ಇನ್ನೊಂದು. 2025ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಅಧಿಕಾರವನ್ನು ಎತ್ತಿಹಿಡಿದರೂ ಅಂಥ ನೋಟಿಸುಗಳನ್ನು ರದ್ದುಮಾಡಿತು.

ಮಾದರಿ ಪರೀಕ್ಷೆಯ ಬದಲು ಎಲ್ಲ ವಹಿವಾಟನ್ನೂ ಯಂತ್ರವೇ ಜಾಲಾಡುವ ದಿನ ಬಂದಿದೆ. ಯಂತ್ರ ಸಾವಿರ ನಮೂದುಗಳನ್ನು ಅನುಮಾನಾಸ್ಪದ ಎಂದು ಗುರುತಿಸಿ, ಆಡಿಟರು ಐವತ್ತನ್ನು ಮಾತ್ರ ನೋಡಿ, ಮೋಸ ಐವತ್ತೊಂದನೆಯದರಲ್ಲಿ ಇದ್ದರೆ? ಮೊದಲಾದರೆ ‘ಅದು ನಮ್ಮ ಮಾದರಿಯಲ್ಲಿ ಬಂದಿರಲಿಲ್ಲ’ ಎನ್ನಬಹುದಿತ್ತು. ಈಗ ಅವರ ಫೈಲಿನಲ್ಲೇ ಅದರ ಹೆಸರಿದೆ.

ಹಾಗೆಯೇ 63ನೇ ಕಲಮಿನ ಪ್ರಮಾಣಪತ್ರ. ದಾವಣಗೆರೆಯ ಒಂದು ಸಣ್ಣ ಕಂಪನಿ ತನ್ನ ಲೆಕ್ಕವನ್ನು ಇಂಟರ್‌ನೆಟ್ ಮೂಲಕ ಎಲ್ಲೋ ದೂರದ ಸರ್ವರಿನಲ್ಲಿ ಇಟ್ಟಿದೆ ಎಂದುಕೊಳ್ಳಿ. ಸಾಫ್ಟ್‌ವೇರ್ ಒಬ್ಬರದ್ದು, ಸರ್ವರ್ ಇನ್ನೊಬ್ಬರದ್ದು, ಪಾಸ್‌ವರ್ಡ್ ಕಂಪನಿಯ ಅಕೌಂಟೆಂಟ್ ಬಳಿ. ಬದಲಾವಣೆಯ ಲಾಗ್ ನ್ಯಾಯಾಲಯಕ್ಕೆ ಬಂದ ದಿನ, ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಇವರಲ್ಲಿ ಯಾರು ಸಹಿ ಹಾಕಬೇಕು, ಮತ್ತು ಆ ಸಹಿಯನ್ನು ಆಡಿಟರು ಯಾವ ಪುರಾವೆಯ ಮೇಲೆ ನಂಬಬೇಕು?